ಮಕ್ಕಳಿಗೆ ಸೂರ್ಯ-ಗ್ರಹಗಳ ಪರಿಚಯ ಮತ್ತು ಕಣ್ಣಿನ ರಕ್ಷಣೆ

ಮಕ್ಕಳ ಪ್ರಶ್ನೆಗಳಿಗೆ ಕೊನೆಯೆಂಬುದಿಲ್ಲ. ಆ ಪ್ರಶ್ನೆಗಳಲ್ಲಿ ಬಹುಪಾಲು ಆಕಾಶದ ಕಡೆಗೆ ಬೆರಳು ತೋರಿಸುವಂಥವು. ಸೂರ್ಯ ರಾತ್ರಿ ಎಲ್ಲಿಗೆ ಹೋಗುತ್ತಾನೆ? ಚಂದ್ರ ನಮ್ಮ ರೈಲಿನ ಜೊತೆಗೇ ಏಕೆ ಓಡಿ ಬರುತ್ತಾನೆ? ಮುಂಬಯಿಯ ನಮ್ಮ ಮನೆಯಲ್ಲಿ ಎರಡನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಒಂದು ಸಂಜೆ ಗೋಡೆಗೆ ಅಂಟಿಸಿದ್ದ ಸೌರವ್ಯೂಹದ ಚಿತ್ರಪಟದ ಮುಂದೆ ನಿಂತು, "ಅಜ್ಜಾ, ಶನಿವಾರದ ಶನಿ, ಈ ಚಿತ್ರದಾಗಿನ ಶನಿ ಒಬ್ಬನ ಏನು?" ಎಂದು ಕೇಳಿದಳು. ಹೌದೆಂದೆ. "ಹಂಗಾದ್ರ ಅವನ್ನ ತೋರಿಸು" ಎಂದಳು. ನಲವತ್ತು ವರ್ಷ ಕಣ್ಣಿನ ವೈದ್ಯನಾಗಿ ದುಡಿದ ನನಗೆ ಆ ಮಾತು ನಾಟಿತು. ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತೇವೆ, ಆದರೆ ಕಿಟಕಿಯಾಚೆ ಬೆಳಗುತ್ತಿರುವ ವಸ್ತುವನ್ನೇ ತೋರಿಸುವುದಿಲ್ಲ.

ಈ ಲೇಖನದಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು. ಗ್ರಹಗಳನ್ನು ಮಗು ಕಣ್ಣಾರೆ ನೋಡಿ ತಿಳಿಯಬೇಕು, ಸೂರ್ಯನನ್ನು ನೇರವಾಗಿ ನೋಡದೆಯೇ ತಿಳಿಯಬೇಕು. ಈ ಎರಡನ್ನೂ ಮನೆಯಲ್ಲಿಯೇ, ಹೆಚ್ಚಿನ ಖರ್ಚಿಲ್ಲದೆ ಕಲಿಸಲು ಸಾಧ್ಯ. ಎರಡನೆಯದನ್ನು ಕಲಿಸದೆ ಮೊದಲನೆಯದಕ್ಕೆ ಕೈಹಾಕಿದರೆ ಮಗುವಿನ ದೃಷ್ಟಿಗೇ ಅಪಾಯ ಬರಬಹುದು.

ವಾರದ ಹೆಸರುಗಳೇ ಮೊದಲ ಪಾಠ

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ವಾರದ ಕನ್ನಡ ಹೆಸರುಗಳು ತಡವರಿಸುತ್ತವೆ. ಆದರೆ ಇಂಗ್ಲಿಷ್ ಹೆಸರುಗಳಿಗಿಂತ ಇವು ಖಗೋಳ ಪಾಠಕ್ಕೆ ಎಷ್ಟೋ ಸ್ಪಷ್ಟವಾದ ಮೆಟ್ಟಿಲು. ಭಾನುವಾರ ಸೂರ್ಯನದು, ಸೋಮವಾರ ಚಂದ್ರನದು. ಮಂಗಳ, ಬುಧ, ಗುರು, ಶುಕ್ರ, ಶನಿ ಎಂಬ ಉಳಿದ ಐದು, ಬರಿಗಣ್ಣಿಗೆ ಚೆನ್ನಾಗಿ ಕಾಣುವ ಐದು ಗ್ರಹಗಳ ಹೆಸರುಗಳೇ ಆಗಿವೆ. ದೂರದರ್ಶಕವಿಲ್ಲದ ಕಾಲದಲ್ಲಿ, ನಕ್ಷತ್ರಗಳ ನಡುವೆ ಸ್ಥಳ ಬದಲಿಸುತ್ತ ಸಾಗುವ ಆಕಾಶಕಾಯಗಳೆಂದು ಮಾನವನು ಗುರುತಿಸಿದ್ದು ಈ ಏಳನ್ನೇ.

ಭಾನುವಾರದ ನಂತರ ಸೋಮವಾರವೇ ಏಕೆ ಬರಬೇಕೆಂದು ಚುರುಕಾದ ಮಗು ಕೇಳಿದರೆ ಅದಕ್ಕೂ ಉತ್ತರವಿದೆ. ಪ್ರಾಚೀನರು ಈ ಏಳನ್ನೂ ನಡಿಗೆಯ ನಿಧಾನದ ಕ್ರಮದಲ್ಲಿ ಜೋಡಿಸಿದ್ದರು: ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ. ದಿನದ 24 ಹೋರೆಗಳಿಗೆ ಇದೇ ಸರದಿಯಲ್ಲಿ ಒಬ್ಬೊಬ್ಬರನ್ನು ಒಡೆಯನೆಂದು ಎಣಿಸುತ್ತಿದ್ದರು. ಮೊದಲ ಹೋರೆಯ ಒಡೆಯನ ಹೆಸರು ಆ ದಿನಕ್ಕೆ. ಏಳರ ಸುತ್ತು ಮೂರು ಬಾರಿ ಮುಗಿದಾಗ 21 ಹೋರೆಗಳಾಗುತ್ತವೆ; ಉಳಿಯುವುದು ಮೂರು. ಹೀಗಾಗಿ ಸೂರ್ಯನಿಂದ ಮೂರು ಹೆಜ್ಜೆ ಮುಂದೆ ಎಣಿಸಿದರೆ ಚಂದ್ರ, ಅಂದರೆ ಸೋಮವಾರ. ಚಂದ್ರನಿಂದ ಮೂರು ಹೆಜ್ಜೆ ಮುಂದೆ ಮಂಗಳ. ಬೆರಳೆಣಿಕೆಯಿಂದ ವಾರವಿಡೀ ಸರಿಹೊಂದುವುದನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟದಿರಲಾರರು.

ಇಲ್ಲಿಯೇ ಒಂದು ಗೊಂದಲವನ್ನೂ ಬಿಡಿಸಬಹುದು. ದೇವಾಲಯದ ನವಗ್ರಹಗಳಲ್ಲಿ ಸೂರ್ಯ ಚಂದ್ರರಿದ್ದಾರೆ, ರಾಹು ಕೇತುಗಳಿದ್ದಾರೆ. ನಾವು ನಿಂತಿರುವ ಭೂಮಿಯಿಲ್ಲ. ಇಂದಿನ ವಿಜ್ಞಾನದ ಲೆಕ್ಕದಲ್ಲಿ ಸೂರ್ಯನು ನಕ್ಷತ್ರ, ಚಂದ್ರನು ಭೂಮಿಯ ಉಪಗ್ರಹ, ಭೂಮಿಯೇ ಒಂದು ಗ್ರಹ. ರಾಹು ಕೇತುಗಳು ಕಾಯಗಳಲ್ಲ. ಚಂದ್ರನ ಹಾದಿಯೂ ಸೂರ್ಯನು ಸಾಗುವಂತೆ ಕಾಣುವ ಹಾದಿಯೂ ಪರಸ್ಪರ ಕತ್ತರಿಸುವ ಎರಡು ಬಿಂದುಗಳು. ಗ್ರಹಣಗಳು ಆ ಬಿಂದುಗಳ ಸಮೀಪದಲ್ಲಿ ಮಾತ್ರ ಸಂಭವಿಸುತ್ತವೆ. ಗ್ರಹಣವೆಂದರೆ ನೆರಳಿನ ಆಟವೆಂಬುದನ್ನು ಆರ್ಯಭಟನು ಕ್ರಿ.ಶ. 499ರಷ್ಟು ಹಿಂದೆಯೇ ಸ್ಪಷ್ಟಪಡಿಸಿದ್ದನು.

ಎಂಟೋ, ಒಂಬತ್ತೋ?

ತಂದೆತಾಯಿಯರು ಶಾಲೆಯಲ್ಲಿ ಒಂಬತ್ತು ಗ್ರಹಗಳೆಂದು ಕಲಿತವರು. ಮಕ್ಕಳು ಎಂಟೆಂದು ಕಲಿಯುತ್ತಾರೆ. ಇಬ್ಬರದೂ ತಪ್ಪಲ್ಲ. 1781ರಲ್ಲಿ ವಿಲಿಯಂ ಹರ್ಷೆಲನು ದೂರದರ್ಶಕದ ನೆರವಿನಿಂದ ಯುರೇನಸ್ ಗ್ರಹವನ್ನು ಕಂಡನು. ಆ ಗ್ರಹದ ನಡಿಗೆಯಲ್ಲಿ ಕಂಡ ಏರುಪೇರನ್ನು ಹಿಡಿದು ಲೆವೆರಿಯೆ ಎಂಬ ಫ್ರೆಂಚ್ ಗಣಿತಜ್ಞನು ಹಾಕಿದ ಲೆಕ್ಕದ ಮೇರೆಗೆ 1846ರಲ್ಲಿ ಬರ್ಲಿನ್ನಿನಲ್ಲಿ ನೆಪ್ಚೂನ್ ಪತ್ತೆಯಾಯಿತು. 1930ರಲ್ಲಿ ಕ್ಲೈಡ್ ಟಾಂಬೋ ಪ್ಲೂಟೋವನ್ನು ಕಂಡುಹಿಡಿದಾಗ, ಅದಕ್ಕೆ ಆ ಹೆಸರನ್ನು ಸೂಚಿಸಿದವಳು ಇಂಗ್ಲೆಂಡಿನ ಹನ್ನೊಂದು ವರ್ಷದ ಬಾಲಕಿ ವೆನಿಷಿಯಾ ಬರ್ನಿ. ಮಕ್ಕಳಿಗೆ ಇದನ್ನು ತಪ್ಪದೆ ಹೇಳಬೇಕು. ಮುಂದೆ ಪ್ಲೂಟೋವಿನಂಥ ಇತರ ಕಾಯಗಳು ಅದೇ ವಲಯದಲ್ಲಿ ಕಂಡುಬಂದುದರಿಂದ, 2006ರ ಆಗಸ್ಟ್ 24ರಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಅದನ್ನು ಕುಬ್ಜಗ್ರಹಗಳ ಸಾಲಿಗೆ ಸೇರಿಸಿತು. ಹೊಸ ಸಂಗತಿ ತಿಳಿದಾಗ ಹಳೆಯ ಪಟ್ಟಿಯನ್ನು ತಿದ್ದಿಕೊಳ್ಳುವುದೇ ವಿಜ್ಞಾನದ ರೀತಿ ಎಂಬ ಪಾಠವೂ ಇದರಲ್ಲಿ ಅಡಗಿದೆ.

ಸೂರ್ಯನೆಂದರೆ ಯಾರು?

ಸೂರ್ಯನು ಉರಿಯುವ ಬೆಂಕಿಯ ಉಂಡೆ ಎನ್ನುವುದು ರೂಢಿ. ಆದರೆ ಅಲ್ಲಿ ಕಟ್ಟಿಗೆಯಂತೆ ಯಾವುದೂ ಉರಿಯುತ್ತಿಲ್ಲ. ಸೂರ್ಯನ ನಡುಭಾಗದಲ್ಲಿ ಉಷ್ಣತೆ ಸುಮಾರು ಒಂದೂವರೆ ಕೋಟಿ ಡಿಗ್ರಿ ಸೆಲ್ಸಿಯಸ್. ಆ ತಾಪದಲ್ಲಿ, ಆ ಒತ್ತಡದಲ್ಲಿ ಹೈಡ್ರೋಜನ್ ಬೀಜಗಳು ಬೆಸೆದು ಹೀಲಿಯಂ ಆಗುತ್ತವೆ. ಹೀಗಾಗುವಾಗ ಪ್ರತಿ ಸೆಕೆಂಡಿಗೆ ನಲವತ್ತು ಲಕ್ಷ ಟನ್ನಿಗೂ ಹೆಚ್ಚಿನ ದ್ರವ್ಯ ಶಕ್ತಿಯಾಗಿ ಮಾರ್ಪಡುತ್ತದೆ. ಮೇಲ್ಮೈಗೆ ಬರುವ ವೇಳೆಗೆ ತಾಪ ಸುಮಾರು 5,500 ಡಿಗ್ರಿಗೆ ಇಳಿದಿರುತ್ತದೆ. ಅಲ್ಲಿಂದ ಹೊರಟ ಬೆಳಕು ಸುಮಾರು 15 ಕೋಟಿ ಕಿ.ಮೀ. ದಾಟಿ ನಮ್ಮನ್ನು ಮುಟ್ಟಲು 8 ನಿಮಿಷ 20 ಸೆಕೆಂಡು ಬೇಕು. ನಮ್ಮ ಅನ್ನ, ನೀರು, ಮಳೆ, ಗಾಳಿ ಇವೆಲ್ಲದರ ಹಿಂದೆಯೂ ಇದೇ ಶಕ್ತಿ ಇದೆ.

ಸೂರ್ಯನಲ್ಲಿ ಹೀಲಿಯಂ ಇದೆಯೆಂಬುದರ ಮೊದಲ ಸುಳಿವಿಗೂ ನಮ್ಮ ನೆಲಕ್ಕೂ ನಂಟುಂಟು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ನೋಡಲು ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಆಂಧ್ರದ ಗುಂಟೂರಿಗೆ ಬಂದಿದ್ದನು. ಯುರೇನಸ್ಸನ್ನು ಕಂಡ ಹರ್ಷೆಲನ ಮೊಮ್ಮಗ, ಲೆಫ್ಟಿನೆಂಟ್ ಜಾನ್ ಹರ್ಷೆಲ್, ಅದೇ ಗ್ರಹಣವನ್ನು ನಮ್ಮ ಜಮಖಂಡಿಯಲ್ಲಿ ನಿಂತು ಪರಿಶೀಲಿಸಿದನು. ಸೂರ್ಯನ ಬೆಳಕಿನಲ್ಲಿ ಆ ವರ್ಷ ಗುರುತಿಸಲಾದ ಒಂದು ಹಳದಿ ಗೆರೆ ಭೂಮಿಯಲ್ಲಿ ಅದುವರೆಗೆ ತಿಳಿಯದಿದ್ದ ಮೂಲವಸ್ತುವಿನದಾಗಿತ್ತು. ಗ್ರೀಕರ ಸೂರ್ಯನಾದ ಹೀಲಿಯೋಸನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದು ಹೆಸರಿಟ್ಟರು. ಭೂಮಿಯಲ್ಲಿ ಅದು ಸಿಕ್ಕಿದ್ದು 1895ರಲ್ಲಿ. ಹುಟ್ಟುಹಬ್ಬದ ಬಲೂನಿನಲ್ಲಿ ತುಂಬುವ ಅನಿಲದ ಕಥೆ ಇದೆಂದು ತಿಳಿದಾಗ ಮಗುವಿನ ಕಣ್ಣು ಅರಳುತ್ತದೆ.

ಚಕ್ಕೋತ ಹಣ್ಣಿನ ಸೂರ್ಯ, ರಾಗಿ ಕಾಳಿನ ಭೂಮಿ

ಗೋಡೆಯ ಚಿತ್ರಪಟದ ದೊಡ್ಡ ದೋಷವೆಂದರೆ ಗ್ರಹಗಳನ್ನು ಮಣಿಸರದಂತೆ ಒತ್ತಾಗಿ ಪೋಣಿಸಿರುವುದು. ನಿಜವಾದ ಅಳತೆಯನ್ನು ಯಾವ ಪುಸ್ತಕದ ಪುಟದಲ್ಲಿಯೂ ಹಿಡಿಸಲಾಗದು. ಅಡುಗೆಮನೆಯ ಸಾಮಾನುಗಳಿಂದ ಅದನ್ನು ತೋರಿಸುವ ಬಗೆ ಹೀಗಿದೆ. ಒಂದು ಲಕ್ಷ ಕಿ.ಮೀ.ಯನ್ನು ಒಂದು ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಆಗ ಸೂರ್ಯನು 14 ಸೆಂ.ಮೀ. ಅಡ್ಡಳತೆಯ ಒಂದು ಚಕ್ಕೋತ ಹಣ್ಣು. ಭೂಮಿ ಒಂದು ರಾಗಿ ಕಾಳು.

ಮುಂಬಯಿಯವರು ಮರೀನ್ ಡ್ರೈವಿನ ಕಾಲುಹಾದಿಯಲ್ಲಿ, ಚೆನ್ನೈಯವರು ಮರೀನಾ ತೀರದಲ್ಲಿ, ಹೈದರಾಬಾದಿನವರು ಟ್ಯಾಂಕ್ ಬಂಡಿನ ಮೇಲೆ, ಉಳಿದವರು ತಮ್ಮ ಬಡಾವಣೆಯ ಉದ್ಯಾನದಲ್ಲಿ ಒಂದು ಬೆಳಿಗ್ಗೆ ಮಕ್ಕಳೊಡನೆ ಈ ನಡಿಗೆಯನ್ನು ಕೈಗೊಳ್ಳಬಹುದು. ಕಾಳುಗಳನ್ನು ಒಂದೊಂದು ರಟ್ಟಿಗೆ ಅಂಟಿಸಿ ಹೆಸರು ಬರೆದುಕೊಳ್ಳಬೇಕು. ಹಣ್ಣನ್ನು ಒಂದು ತುದಿಯಲ್ಲಿಟ್ಟು ಹೊರಡಬೇಕು.

6 ಮೀಟರಿನಲ್ಲಿ ಬುಧ: ಸಣ್ಣ ರವೆಯ ಒಂದು ಕಣ.
11 ಮೀಟರಿನಲ್ಲಿ ಶುಕ್ರ: ಒಂದು ರಾಗಿ ಕಾಳು.
15 ಮೀಟರಿನಲ್ಲಿ ಭೂಮಿ: ಇನ್ನೊಂದು ರಾಗಿ ಕಾಳು. ಅದರಿಂದ ನಾಲ್ಕು ಸೆಂಟಿಮೀಟರಿಗೆ ತುಸು ಕಡಿಮೆ ದೂರದಲ್ಲಿ ಚಂದ್ರನೆಂಬ ಪುಡಿ ರವೆ.
23 ಮೀಟರಿನಲ್ಲಿ ಮಂಗಳ: ಒಂದು ಗಸಗಸೆ ಕಾಳು.
78 ಮೀಟರಿನಲ್ಲಿ ಗುರು: ಮಕ್ಕಳು ಆಡುವ ಒಂದು ಗೋಲಿ.
143 ಮೀಟರಿನಲ್ಲಿ ಶನಿ: ನೆನೆಸಿದ ಕಾಬೂಲಿ ಕಡಲೆ; ಅದರ ಸುತ್ತ 27 ಮಿ.ಮೀ. ಅಡ್ಡಳತೆಯ ಕಾಗದದ ಬಳೆ.
287 ಮೀಟರಿನಲ್ಲಿ ಯುರೇನಸ್: ಒಂದು ಮೆಣಸಿನ ಕಾಳು.
450 ಮೀಟರಿನಲ್ಲಿ ನೆಪ್ಚೂನ್: ಇನ್ನೊಂದು ಮೆಣಸಿನ ಕಾಳು.

ಮಂಗಳನವರೆಗೆ ಮಕ್ಕಳು ಒಂದೇ ಉಸಿರಿಗೆ ಓಡುತ್ತಾರೆ. ಅಲ್ಲಿಂದ ಗುರುವಿಗೆ ಹೋಗುವಾಗ "ಇನ್ನೂ ಎಷ್ಟು ದೂರ?" ಎಂದು ಕೇಳತೊಡಗುತ್ತಾರೆ. ಈ ಪ್ರಶ್ನೆ ಹುಟ್ಟಿದರೆ ಪಾಠ ನಾಟಿತೆಂದು ತಿಳಿಯಬೇಕು. ಸೌರವ್ಯೂಹವೆಂದರೆ ಬಹುಮಟ್ಟಿಗೆ ಬರಿದಾದ ಬಯಲು ಎಂಬುದನ್ನು ಅವರ ಕಾಲುಗಳೇ ಕಲಿತಿರುತ್ತವೆ.

ಈ ಅಳತೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ 3 ಸೆಂ.ಮೀ., ಅಂದರೆ ಒಂದು ಇರುವೆಯ ನಡಿಗೆಯಷ್ಟು. ಹಣ್ಣಿನಿಂದ ಹೊರಟ ಇರುವೆ ರಾಗಿ ಕಾಳನ್ನು ಮುಟ್ಟಲು ಎಂಟು ನಿಮಿಷಕ್ಕೂ ಮಿಕ್ಕಿ ಹಿಡಿಯುತ್ತದೆ. ಹಾಗಾದರೆ ಸೂರ್ಯನಿಗೆ ಅತಿ ಸಮೀಪದ ನೆರೆಯ ನಕ್ಷತ್ರವೆಲ್ಲಿ? ಇದೇ ಅಳತೆಯಲ್ಲಿ ಅದು ಸುಮಾರು 4,000 ಕಿ.ಮೀ. ದೂರದಲ್ಲಿದೆ. ನಮ್ಮ ದೇಶದ ಉತ್ತರ ತುದಿಯಿಂದ ದಕ್ಷಿಣ ತುದಿಯವರೆಗಿನ ಅಂತರ ಸುಮಾರು 3,200 ಕಿ.ಮೀ. ಮಾತ್ರ.

ರಾತ್ರಿಯ ಆಕಾಶದಲ್ಲಿ

ಮಹಾನಗರಗಳ ದೀಪಗಳು ನಕ್ಷತ್ರಗಳನ್ನು ನುಂಗಿಬಿಟ್ಟಿವೆಯೆಂಬುದು ನಿಜ. ಆದರೂ ಶುಕ್ರ, ಗುರು, ಶನಿ ಮತ್ತು ಮಂಗಳ ಆ ದೀಪಗಳನ್ನು ಮೀರಿ ಕಾಣುವಷ್ಟು ಪ್ರಖರವಾಗಿವೆ. ನಕ್ಷತ್ರಗಳು ಮಿನುಗುತ್ತವೆ, ಗ್ರಹಗಳು ಬಹುಮಟ್ಟಿಗೆ ನಿಶ್ಚಲವಾಗಿ ಬೆಳಗುತ್ತವೆ ಎಂಬುದು ಮೊದಲ ಗುರುತು.

ಹಳ್ಳಿಯಲ್ಲಿ ಬೆಳೆದ ನಮ್ಮ ತಾಯಂದಿರು "ಬೆಳ್ಳಿ ಮೂಡಿತು" ಎಂದು ಏಳುತ್ತಿದ್ದರು. ಆ ಬೆಳ್ಳಿಯೇ ಶುಕ್ರಗ್ರಹ. ಕೆಲವು ತಿಂಗಳು ಅದು ಮುಂಜಾವಿನಲ್ಲಿ ಪೂರ್ವಕ್ಕೆ, ಕೆಲವು ತಿಂಗಳು ಮುಸ್ಸಂಜೆಯಲ್ಲಿ ಪಶ್ಚಿಮಕ್ಕೆ ಕಾಣುತ್ತದೆ. ನಡುರಾತ್ರಿ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ. ಏಕೆಂದರೆ ಅದು ನಮಗಿಂತ ಸೂರ್ಯನಿಗೆ ಸಮೀಪದ ಹಾದಿಯಲ್ಲಿ ಸುತ್ತುತ್ತದೆ. ಗುರುವು ರಾತ್ರಿಯುದ್ದಕ್ಕೂ ಬೆಳಗಬಲ್ಲ ಹಳದಿ ಛಾಯೆಯ ಪ್ರಭೆ. ಸಾಮಾನ್ಯ ದುರ್ಬೀನನ್ನು ಅಲುಗದಂತೆ ಹಿಡಿದು ನೋಡಿದರೆ ಅದರ ಅಕ್ಕಪಕ್ಕದಲ್ಲಿ ನಾಲ್ಕು ಚುಕ್ಕೆಗಳು ಕಾಣಬಹುದು. 1610ರಲ್ಲಿ ಗೆಲಿಲಿಯೋ ಕಂಡು ಬೆರಗಾದ ಗುರುವಿನ ಚಂದ್ರರು ಇವರೇ. ಮಂಗಳನದು ಕೆಂಪು ಛಾಯೆ. 2013ರ ನವೆಂಬರ್ 5ರಂದು ಹಾರಿದ ನಮ್ಮ ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ಅದರ ಸುತ್ತಣ ಕಕ್ಷೆಯನ್ನು ಸೇರಿ ಹಲವು ವರ್ಷ ಕೆಲಸ ಮಾಡಿತೆಂಬುದನ್ನು ಆ ಕೆಂಪು ಚುಕ್ಕೆಯನ್ನು ತೋರಿಸುತ್ತಲೇ ಹೇಳಬೇಕು.

ಇನ್ನು ಶನಿ. ನಮ್ಮ ಮನೆಗಳಲ್ಲಿ ಈ ಹೆಸರು ಬೈಗುಳವಾಗಿ, ಭಯವಾಗಿ ಮಕ್ಕಳ ಕಿವಿಗೆ ಬೀಳುತ್ತದೆ. ಸಾಡೇಸಾತಿಯ ಏಳೂವರೆ ವರ್ಷ ಎಲ್ಲಿಂದ ಬಂದಿತು? ಶನಿಯು ಸೂರ್ಯನನ್ನು ಒಂದು ಸುತ್ತು ಬರಲು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ಒಂದು ರಾಶಿಗೆ ಹೆಚ್ಚುಕಡಿಮೆ ಎರಡೂವರೆ ವರ್ಷ. ಮೂರು ರಾಶಿಗಳಿಗೆ ಏಳೂವರೆ. ಇದು ಒಂದು ಗ್ರಹದ ನಿಧಾನ ನಡಿಗೆಯ ಲೆಕ್ಕ. ಹಾಗೆಯೇ ಗುರುವಿನ ಸುತ್ತಿಗೆ ಸುಮಾರು ಹನ್ನೆರಡು ವರ್ಷ. ಹೈದರಾಬಾದಿನ ನಮ್ಮವರು ಕಾಣುವ ನದೀ ಪುಷ್ಕರಗಳ ಹನ್ನೆರಡು ವರ್ಷದ ಆವರ್ತನೆಗೆ ಇದೇ ಆಧಾರ. ಶನಿಯ ಬಳೆಯನ್ನು ಒಮ್ಮೆ ದೂರದರ್ಶಕದಲ್ಲಿ ಕಂಡ ಮಗು ಆ ಹೆಸರಿಗೆ ಮತ್ತೆಂದೂ ಹೆದರುವುದಿಲ್ಲ. ಶನಿವಾರದ ಶನಿಯನ್ನು ತೋರಿಸೆಂದ ನನ್ನ ಮೊಮ್ಮಗಳಿಗೂ ಹಾಗೆಯೇ ಆಯಿತು. ಹವ್ಯಾಸಿಗಳ ಒಂದು ಕೂಟದಲ್ಲಿ ಮೂರು ಸೆಕೆಂಡು ಕಣ್ಣಿಟ್ಟು ನೋಡಿದವಳು, "ಬಳಿ ತೊಟ್ಟಾನ!" ಎಂದು ಕೂಗಿದಳು.

ಎರಡು ತಪ್ಪುಗಳು

ಈಗ ಎಚ್ಚರಿಕೆಯ ಮಾತಿಗೆ ಬರೋಣ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕರಾವಳಿಯಿಂದ ಉತ್ತರ ಕರ್ನಾಟಕವನ್ನು ಹಾದು ರಾಯಚೂರಿನ ಕಡೆಯಿಂದ ಆಂಧ್ರಕ್ಕೆ ಸಾಗಿತು. ನಾನಾಗ ಹುಬ್ಬಳ್ಳಿಯಲ್ಲಿ ವೈದ್ಯಕೀಯ ವಿದ್ಯಾರ್ಥಿ. ಆ ಮಧ್ಯಾಹ್ನ ಬೀದಿಗಳು ನಿರ್ಜನವಾಗಿದ್ದವು. ಜನರು ಕದ, ಕಿಟಕಿಗಳನ್ನು ಮುಚ್ಚಿ ಒಳಗೆ ಕುಳಿತಿದ್ದರು. ನಮ್ಮ ಬೀದಿಯ ಮೇಲೆಯೇ ಹಾದುಹೋದ, ಜೀವಮಾನದಲ್ಲಿ ಒಮ್ಮೆ ದೊರೆಯಬಹುದಾದ ಆ ನೋಟವನ್ನು ಬಹುಮಂದಿ ಕಾಣಲಿಲ್ಲ.

ಮೂರು ದಿನಗಳ ಮೇಲೆ ಹನ್ನೆರಡು ವರ್ಷದ ಒಬ್ಬ ಹುಡುಗನನ್ನು ಕಣ್ಣಿನ ವಿಭಾಗಕ್ಕೆ ಕರೆತಂದರು. ಹಿರಿಯರ ಕಣ್ಣು ತಪ್ಪಿಸಿ ಮಾಳಿಗೆ ಹತ್ತಿ, ಹಳೆಯ ಫೋಟೋ ನೆಗೆಟಿವ್ ಒಂದನ್ನು ಹಿಡಿದು ಗ್ರಹಣವನ್ನು ಬಹುಹೊತ್ತು ನೋಡಿದ್ದನಂತೆ. ನೋಯಲಿಲ್ಲ, ಉರಿಯಲಿಲ್ಲ. ಮರುದಿನ ಪುಸ್ತಕ ತೆರೆದಾಗ ತಾನು ನೋಡುವ ಅಕ್ಷರವೇ ಕಾಣದು. ಅದರ ಅಕ್ಕಪಕ್ಕದ ಅಕ್ಷರಗಳು ಕಾಣುತ್ತವೆ. ತಾಯಿಯ ಮುಖ ನೋಡಿದರೆ ಮೂಗಿನ ಜಾಗದಲ್ಲಿ ಮಸಿಯ ಕಲೆ. ತಿಂಗಳುಗಳು ಕಳೆದಂತೆ ದೃಷ್ಟಿ ತಕ್ಕಮಟ್ಟಿಗೆ ಸುಧಾರಿಸಿತು. ಒಂದು ಕಣ್ಣಿನ ಕಲೆ ಮಾತ್ರ ಉಳಿದೇ ಹೋಯಿತು. ನಾನು ಕಣ್ಣಿನ ವೈದ್ಯಕೀಯವನ್ನು ಆರಿಸಿಕೊಳ್ಳಲು ಆ ಹುಡುಗನೂ ಒಂದು ಕಾರಣ.

ಅಂದು ನಡೆದ ತಪ್ಪುಗಳು ಎರಡು. ಕದ ಮುಚ್ಚಿ ಕುಳಿತವರದು ಭಯದ ತಪ್ಪು. ಹುಡುಗನದು ಅರಿವಿಲ್ಲದ ಸಾಹಸ. ಎರಡಕ್ಕೂ ಮೂಲ ಒಂದೇ: ಸೂರ್ಯನನ್ನು ಕಾಣುವ ಸರಿಯಾದ ರೀತಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕಣ್ಣಿಗೆ ಆಗುವುದೇನು?

ಬೂದುಗಾಜಿನಿಂದ ಬಿಸಿಲನ್ನು ಕಾಗದದ ಮೇಲೆ ಕೂಡಿಸಿದರೆ ಕಾಗದ ಸುಡುವುದನ್ನು ಎಲ್ಲರೂ ಬಲ್ಲರು. ನಮ್ಮ ಕಣ್ಣಿನ ಮಸೂರವೂ ಸೂರ್ಯಬಿಂಬವನ್ನು ಹಾಗೆಯೇ ಒಳಗಿನ ಅಕ್ಷಿಪಟಲದ ಮೇಲೆ, ಅದರಲ್ಲಿಯೂ ಓದಲು, ಮುಖ ಗುರುತಿಸಲು ಬೇಕಾದ ನಡುಭಾಗದ ಮೇಲೆ ಕೂಡಿಸುತ್ತದೆ. ಪ್ರಖರವಾದ ಬೆಳಕು ಅಲ್ಲಿನ ಸೂಕ್ಷ್ಮ ಕೋಶಗಳಲ್ಲಿ ರಾಸಾಯನಿಕ ಹಾನಿಯನ್ನು ಉಂಟುಮಾಡುತ್ತದೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಆದುದರಿಂದ ಹಾನಿಯಾಗುತ್ತಿರುವುದು ಆ ಕ್ಷಣ ತಿಳಿಯುವುದಿಲ್ಲ; ಕೆಲವು ಗಂಟೆಗಳ ನಂತರ ಮಬ್ಬಾಗಿ, ಕಲೆಯಾಗಿ ತೋರಿಕೊಳ್ಳುತ್ತದೆ. ಹಾನಿಯನ್ನು ಖಚಿತವಾಗಿ ಸರಿಪಡಿಸುವ ಔಷಧವಿಲ್ಲ. ಮಕ್ಕಳ ಕಣ್ಣಿನ ಮಸೂರ ಹಿರಿಯರದಕ್ಕಿಂತ ತಿಳಿಯಾಗಿರುವುದರಿಂದ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಅವರಿಗೆ ಅಪಾಯ ಹೆಚ್ಚು.

ಗ್ರಹಣದ ದಿನ ಸೂರ್ಯನಿಂದ ಯಾವ ವಿಷಕಿರಣವೂ ಹೊಸದಾಗಿ ಹೊರಡುವುದಿಲ್ಲ. ಬೇರೆ ದಿನಗಳಲ್ಲಿ ಪ್ರಖರತೆಯಿಂದ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಗ್ರಹಣದಲ್ಲಿ ಬೆಳಕು ಕುಗ್ಗಿ, ಕಣ್ಣು ಅರಳಿ, ದಿಟ್ಟಿಸಲು ಸಾಧ್ಯವಾಗುತ್ತದೆ. ಆದರೆ ಉಳಿದ ತೆಳ್ಳನೆಯ ಕುಡುಗೋಲೂ ಸುಡುವಷ್ಟು ಪ್ರಖರವಾಗಿಯೇ ಇರುತ್ತದೆ. ಆದುದರಿಂದ ತಂಪು ಕನ್ನಡಕ, ಮಸಿ ಹಿಡಿಸಿದ ಗಾಜು, ಎಕ್ಸ್-ರೇ ಫಿಲ್ಮ್, ಫೋಟೋ ನೆಗೆಟಿವ್ ಇವು ಯಾವುವೂ ಸಲ್ಲವು. ಅರಿಶಿನದ ನೀರಿನಲ್ಲಿ, ಸೆಗಣಿ ನೀರಿನಲ್ಲಿ ಬಿಂಬವನ್ನು ನೋಡುವುದೂ ಸುರಕ್ಷಿತವಲ್ಲ. ದುರ್ಬೀನು ಮತ್ತು ದೂರದರ್ಶಕಗಳಿಂದ ಸೂರ್ಯನನ್ನು ನೋಡಿದರೆ ಒಂದು ಕ್ಷಣವೂ ಸಾಕು, ಕಣ್ಣು ಹೋದಂತೆ. ಗ್ರಹಣ ನೋಡಲು ಐ.ಎಸ್.ಓ. 12312-2 ಎಂಬ ಮಾನಕಕ್ಕೆ ಒಳಪಟ್ಟ ಸೌರ ಕನ್ನಡಕ ಬೇಕು. ಅದರಲ್ಲಿ ಗೀರು, ತೂತುಗಳಿಲ್ಲವೆಂದು ಪ್ರತಿ ಸಲವೂ ಪರೀಕ್ಷಿಸಬೇಕು. ಅದನ್ನು ಧರಿಸಿ ದುರ್ಬೀನಿನಲ್ಲಿ ನೋಡುವುದೂ ನಿಷಿದ್ಧ.

ನೋಡದೆ ಕಾಣುವ ಉಪಾಯಗಳು

ಮೊದಲನೆಯದು ಸೂಜಿರಂಧ್ರ. ಒಂದು ರಟ್ಟಿಗೆ ಸೂಜಿಯಿಂದ ದುಂಡನೆಯ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ರಟ್ಟಿನ ನೆರಳು ಬಿಳಿಯ ಕಾಗದದ ಮೇಲೆ ಬೀಳುವಂತೆ ಹಿಡಿಯಬೇಕು. ನೆರಳಿನ ನಡುವೆ ಮೂಡುವ ಚಿಕ್ಕ ಬೆಳಕಿನ ಬಿಲ್ಲೆ ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ರಟ್ಟಿಗೂ ಕಾಗದಕ್ಕೂ ಒಂದು ಮೀಟರ್ ಅಂತರವಿದ್ದರೆ ಬಿಂಬ ಸುಮಾರು 9 ಮಿ.ಮೀ.; ಎರಡು ಮೀಟರಿಗೆ ಸುಮಾರು 18. ಅಂದರೆ ಬಿಂಬದ ಅಗಲ ಅಂತರದ ನೂರೆಂಟನೆಯ ಒಂದು ಭಾಗದಷ್ಟು. ಸೂರ್ಯನ ದೂರವಾದ 15 ಕೋಟಿ ಕಿ.ಮೀ.ಯನ್ನು 108ರಿಂದ ಭಾಗಿಸಿದರೆ ಸುಮಾರು 14 ಲಕ್ಷ ಕಿ.ಮೀ. ಬರುತ್ತದೆ. ಅದೇ ಸೂರ್ಯನ ಅಡ್ಡಳತೆ. ಹೈಸ್ಕೂಲಿನ ಮಗು ಒಂದು ಸೂಜಿ ಮತ್ತು ಅಳತೆಪಟ್ಟಿಯಿಂದ ಸೂರ್ಯನನ್ನು ಅಳೆದಂತಾಯಿತು. ಮರದ ಎಲೆಗಳ ಸಂದಿನಿಂದ ನೆಲಕ್ಕೆ ಬೀಳುವ ದುಂಡು ಬೆಳಕಿನ ಚುಕ್ಕೆಗಳೂ ಸೂರ್ಯಬಿಂಬಗಳೇ. ಗ್ರಹಣದ ದಿನ ಅವೆಲ್ಲವೂ ಕುಡುಗೋಲಿನಾಕಾರ ತಾಳುತ್ತವೆ.

ಎರಡನೆಯದು ಕನ್ನಡಿ. ಚಿಕ್ಕ ಕನ್ನಡಿಯ ಮೇಲೆ ಅರ್ಧ ಸೆಂಟಿಮೀಟರ್ ತೂತುಳ್ಳ ಕಾಗದ ಅಂಟಿಸಿ, ಬಾಲ್ಕನಿಯ ಬಿಸಿಲಿನಲ್ಲಿಟ್ಟು, ಬೆಳಕನ್ನು ಕತ್ತಲು ಮಾಡಿದ ಕೋಣೆಯ ಗೋಡೆಗೆ ಹಾಯಿಸಬೇಕು. ಹತ್ತು ಮೀಟರ್ ದೂರದ ಗೋಡೆಯಲ್ಲಿ 9 ಸೆಂ.ಮೀ.ಗೂ ಮಿಕ್ಕಿದ ಸೂರ್ಯ ಮೂಡುತ್ತಾನೆ. ಮನೆಮಂದಿಯೆಲ್ಲ ಕುಳಿತು ನೋಡಬಹುದು. ಮಕ್ಕಳು ನೋಡಬೇಕಾದುದು ಗೋಡೆಯನ್ನು, ಕನ್ನಡಿಯನ್ನಲ್ಲ.

ಮೂರನೆಯದು ನೆರಳು. ಕರ್ಕಾಟಕ ವೃತ್ತದ ದಕ್ಷಿಣಕ್ಕಿರುವ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ಆಗ ನೆರಳೇ ಇರುವುದಿಲ್ಲ. ಬೇಸಿಗೆಯ ಮೊದಲ ಸಲ ಅದು ಚೆನ್ನೈ ಮತ್ತು ಬೆಂಗಳೂರುಗಳಲ್ಲಿ ಏಪ್ರಿಲ್ 24-25ರ ಸುಮಾರಿಗೆ, ಹೈದರಾಬಾದಿನಲ್ಲಿ ಮೇ 9ರ ಸುಮಾರಿಗೆ, ಪುಣೆಯಲ್ಲಿ ಮೇ 13-14ರ ಸುಮಾರಿಗೆ, ಮುಂಬಯಿಯಲ್ಲಿ ಮೇ 15-16ರ ಸುಮಾರಿಗೆ. ಗಡಿಯಾರದ ಹನ್ನೆರಡಕ್ಕೆ ಕಾಯಬಾರದು. ಮುಂಬಯಿಯಲ್ಲಿ ಆ ದಿನಗಳಲ್ಲಿ ನಿಜವಾದ ನಡುಹಗಲು 12 ಗಂಟೆ 35 ನಿಮಿಷದ ಸುಮಾರಿಗೆ. ದೆಹಲಿಯವರಿಗೆ ಈ ಭಾಗ್ಯವಿಲ್ಲ, ಅವರ ಊರು ಕರ್ಕಾಟಕ ವೃತ್ತದ ಉತ್ತರಕ್ಕಿದೆ. ಜೂನ್ 21ರಂದು ಒಂದು ಮೀಟರ್ ಕೋಲಿಗೆ 9 ಸೆಂ.ಮೀ. ನೆರಳು ಉಳಿಯುವುದನ್ನು ಅವರು ಅಳೆಯಬಹುದು. 1724ರಲ್ಲಿ ಸವಾಯಿ ಜಯಸಿಂಹನು ಕಟ್ಟಿಸಿದ ಜಂತರ್ ಮಂತರಿನ ಬೃಹತ್ ನೆರಳು ಗಡಿಯಾರವಂತೂ ಅವರ ಊರಿನಲ್ಲಿಯೇ ಇದೆ.

ನಮ್ಮ ಊರುಗಳಿಗೆ ತಾರಾಲಯಗಳ ಭಾಗ್ಯವೂ ಇದೆ. ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ 1954ರಲ್ಲಿ, ಮುಂಬಯಿಯ ವರಳಿಯಲ್ಲಿ 1977ರಲ್ಲಿ, ದೆಹಲಿಯಲ್ಲಿ 1984ರಲ್ಲಿ, ಹೈದರಾಬಾದಿನಲ್ಲಿ 1985ರಲ್ಲಿ, ಚೆನ್ನೈಯಲ್ಲಿ 1988ರಲ್ಲಿ ಅವು ಆರಂಭವಾದವು. ಮನೆಯ ಪಾಠಕ್ಕೆ ಅವು ಪೂರಕ.

ಬಿಸಿಲಿನ ಗೆಳೆತನ

ಸೂರ್ಯನನ್ನು ನೋಡಬಾರದೆಂದರೆ ಬಿಸಿಲಿಗೇ ಹೋಗಬಾರದೆಂದಲ್ಲ. ಫ್ಲ್ಯಾಟುಗಳಲ್ಲಿ ಬೆಳೆಯುವ ಮಕ್ಕಳಲ್ಲಿ ದೂರದ ವಸ್ತು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷ ಹೆಚ್ಚುತ್ತಿದೆ. ದಿನಕ್ಕೆ ಒಂದೆರಡು ಗಂಟೆ ಹೊರಬಯಲಿನ ಬೆಳಕಿನಲ್ಲಿ ಕಳೆಯುವ ಮಕ್ಕಳಲ್ಲಿ ಈ ದೋಷ ಆರಂಭವಾಗುವ ಸಂಭವ ಕಡಿಮೆಯೆಂದು ಅಧ್ಯಯನಗಳು ತೋರಿಸಿವೆ. ಎಲುಬಿಗೆ ಬೇಕಾದ ಡಿ ಜೀವಸತ್ವವನ್ನು ಚರ್ಮವು ತಯಾರಿಸುವುದೂ ಬಿಸಿಲಿನಿಂದಲೇ. ಮೇಲೆ ಹೇಳಿದ ನಡಿಗೆ, ನೆರಳಿನ ಅಳತೆ, ಸಂಜೆಯ ಗ್ರಹದರ್ಶನಗಳೆಲ್ಲವೂ ಮಗುವನ್ನು ಹೊರಗೆ ಕರೆದೊಯ್ಯುವ ನೆಪಗಳೂ ಹೌದು. ಕಡುಬಿಸಿಲಿನಲ್ಲಿ ಟೋಪಿ ಮತ್ತು ಕುಡಿಯುವ ನೀರು ಜೊತೆಗಿರಲಿ.

2023ರ ಸೆಪ್ಟೆಂಬರ್ 2ರಂದು ಹೊರಟ ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ತನ್ನ ನೆಲೆಯನ್ನು ಸೇರಿತು. ಅದರ ಮುಖ್ಯ ಉಪಕರಣವೊಂದನ್ನು ರೂಪಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅದು ಸೂರ್ಯಬಿಂಬವನ್ನು ಮರೆಮಾಡಿ ಸುತ್ತಣ ಪ್ರಭೆಯನ್ನು ಮಾತ್ರ ನೋಡುತ್ತದೆ. ಸೂರ್ಯನನ್ನು ನೇರವಾಗಿ ನೋಡದೆ ಅರಿಯುವುದು ವಿಜ್ಞಾನಿಗಳ ರೀತಿಯೂ ಹೌದೆಂದು ತಿಳಿದರೆ ಮಗುವಿಗೆ ನಮ್ಮ ಎಚ್ಚರಿಕೆ ಬರಿಯ ಅಡ್ಡಿಯಾಗಿ ತೋರದು.

2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಸೂರ್ಯಗ್ರಹಣವಾಗಲಿದೆ. ಉಳಿದ ಊರುಗಳ ನಮ್ಮವರಿಗೆ ಅದು ಖಂಡಗ್ರಾಸವಾಗಿ ಕಾಣುವುದು. ಅಂದು ನಮ್ಮ ಮನೆಗಳ ಕದಗಳು ಮುಚ್ಚದಿರಲಿ. ಯಾವ ಮಗುವೂ ನೆಗೆಟಿವ್ ಹಿಡಿದು ಮಾಳಿಗೆ ಹತ್ತದಿರಲಿ. ಕೈಯಲ್ಲಿ ಒಂದು ರಟ್ಟು, ಒಂದು ಸೂಜಿ, ಪಕ್ಕದಲ್ಲಿ ಒಬ್ಬ ಹಿರಿಯರು ಇದ್ದರೆ ಸಾಕು.